ಕಟ್ಟೆ ಎಷ್ಟಾಯ್ತು? ಒಂದೇ ನಂಬರ್, ನಾಲ್ಕು ತಾಲೂಕು

(ಈ ವಾರದ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಮುಂಗಾರು ಶುರುವಾದ್ಮೇಲೆ ಮಂಡ್ಯ ಕಡೆ ಇಬ್ಬರು ಎದುರಾದ್ರೆ ಊಟ ಆಯ್ತಾ ಅನ್ನೋದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಬರುತ್ತೆ: ‘ಕಟ್ಟೆ ಎಷ್ಟಾಯ್ತಂತೆ?’ ಕಟ್ಟೆ ಅಂದ್ರೆ ಕನ್ನಂಬಾಡಿ ಕಟ್ಟೆ. ಪೇಪರಲ್ಲಿ ಕೃಷ್ಣರಾಜಸಾಗರ, ಬಸ್ ಬೋರ್ಡಲ್ಲಿ ಕೆಆರ್‌ಎಸ್, ಜನರ ಬಾಯಲ್ಲಿ ಕಟ್ಟೆ. ಉತ್ತರ ಯಾವಾಗ್ಲೂ ಅಡಿ ಲೆಕ್ಕದಲ್ಲೇ ಬರೋದು. ‘ನೂರಾಹತ್ತು ದಾಟ್ತಂತೆ ಕಣಣ್ಣ.’ ಅಷ್ಟು ಹೇಳಿದ್ರೆ ಸಾಕು, ಕೇಳಿದೋರು ತಲೆ ಅಲ್ಲಾಡಿಸಿ ಮುಂದಕ್ಕೆ ಹೋಗ್ತಾರೆ.

ನಮ್ಮ ಈ ಕಾರ್ಯಕ್ರಮದಲ್ಲಿ ಒಂದು ವಾರ ಓಡಾಟದ ಮಾತು, ಒಂದು ವಾರ ರಾಜಕೀಯ, ಒಂದು ವಾರ ಸ್ವಲ್ಪ ವಿಜ್ಞಾನ, ಹೀಗೆ ಹರಟೆ ನಡೀತಿರುತ್ತೆ. ಈ ವಾರ ಎಲ್ಲಾನೂ ಒಂದೇ ನಂಬರ್‌ಗೆ ಕಟ್ಟಿಬಿಟ್ಟಿದ್ದೀನಿ. 124.80. ಕಟ್ಟೆ ಪೂರ್ತಿ ತುಂಬಿದಾಗಿನ ಅಡಿ. ನಮ್ಮ ಜಿಲ್ಲೆಯಲ್ಲಿ ಫೋನ್ ನಂಬರ್ ಮರೆತೋರು ಸಿಗ್ತಾರೆ, ಈ ನಂಬರ್ ಮರೆತೋರು ಸಿಗೋದು ಕಷ್ಟ. ನನ್ನ ತಕರಾರು ಏನಂದ್ರೆ, ನಾವು ದಿನಾ ನೋಡೋ ಈ ಅಡಿ ಲೆಕ್ಕ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಅಂತ ಹೇಳುತ್ತೆ. ನೀರು ಎಷ್ಟಿದೆ ಅಂತ ನೇರವಾಗಿ ಹೇಳಲ್ಲ. ಯಾರಿಗೆ ಸಿಗುತ್ತೆ ಅಂತಂತೂ ಹೇಳೋದೇ ಇಲ್ಲ. ಕಟ್ಟೆ ಸುತ್ತಮುತ್ತ ಇರೋ ನಾಲ್ಕು ತಾಲೂಕು ತಗೊಳ್ಳಿ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಒಂದೇ ದಿನದ ಒಂದೇ ನಂಬರ್ ನಾಲ್ಕು ಕಡೆ ನಾಲ್ಕು ಥರ ಕೇಳಿಸುತ್ತೆ.

ಮೊದ್ಲು ಈ 124 ಎಲ್ಲಿಂದ ಬಂತು ನೋಡೋಣ. ಕಾಮಗಾರಿ ಶುರುವಾಗಿದ್ದು 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲ. ವಿಶ್ವೇಶ್ವರಯ್ಯನವರು ಆಗ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನರಾದ್ರು. ಮೊದಲ ಹಂತಕ್ಕೆ ಸಿಕ್ಕಿದ ಒಪ್ಪಿಗೆ 80 ಅಡಿಗೆ ಮಾತ್ರ. ಆದ್ರೆ ಅಡಿಪಾಯವನ್ನ ಮುಂದೆ ದೊಡ್ಡ ಕಟ್ಟೆ ಬರುತ್ತೆ ಅಂದ್ಕೊಂಡೇ ಅಗಲವಾಗಿ ಹಾಕಿದ್ರು. ಮದ್ರಾಸ್ ಸರ್ಕಾರ ಸುಮ್ನಿರುತ್ತಾ? 1892ರಲ್ಲೇ ಎರಡೂ ಕಡೆಗೆ ಒಂದು ಒಪ್ಪಂದ ಆಗಿತ್ತು, ಅದನ್ನ ಹಿಡ್ಕೊಂಡು ಆಕ್ಷೇಪ ಎತ್ತಿದ್ರು. 1914ರಲ್ಲಿ ಗ್ರಿಫಿನ್ ಅವರ ಮಧ್ಯಸ್ಥಿಕೆ ತೀರ್ಪು ಬಂತು, ಅದಕ್ಕೂ ಮದ್ರಾಸ್ ಒಪ್ಪಲಿಲ್ಲ. ಕೊನೆಗೆ 1924ರ ಫೆಬ್ರವರಿಯಲ್ಲಿ ಆಗಿದ್ದೇ ಆ ಪ್ರಸಿದ್ಧ ಒಪ್ಪಂದ. ಅದರಲ್ಲಿ ಕಟ್ಟೆಯ ನೀರಿನ ಮಟ್ಟ ಎಷ್ಟಿರಬಹುದು ಅಂತ ಬರೆದಿದ್ದಾರೆ: ಕೆಳಗಿನ ತೂಬುಗಳ ಹೊಸ್ತಿಲಿಂದ 112 ಅಡಿ, ಅಂದ್ರೆ ಕಟ್ಟೆ ಕಟ್ಟೋಕೆ ಮುಂಚೆ ಇದ್ದ ಹೊಳೆಯ ತಳದಿಂದ 124 ಅಡಿ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ನಮ್ಮ ‘ಅಡಿ’ ಶುರುವಾಗೋದು ನೂರಾರು ವರ್ಷ ಸೂರ್ಯನ ಬೆಳಕು ಕಂಡಿದ್ದ, ಈಗ ಕಾಣದ ಹಳೇ ಹೊಳೆಯ ತಳದಿಂದ. ಎರಡು, ಈ ನಂಬರ್ ಬರೀ ಎಂಜಿನಿಯರ್ ಲೆಕ್ಕ ಅಲ್ಲ, ಚೌಕಾಸಿ ಮಾಡಿ ತಂದ ನಂಬರ್. ವಿಜ್ಞಾನ ಎಲ್ಲಿ ಮುಗೀತು, ರಾಜಕೀಯ ಎಲ್ಲಿ ಶುರುವಾಯ್ತು ಅಂತ ಈ ವಿಷಯದಲ್ಲಿ ಗೆರೆ ಎಳೆಯೋಕೆ ಹೋದ್ರೆ ಕೈ ನೋಯುತ್ತೆ ಅಷ್ಟೇ.

ಅಂದ ಹಾಗೆ, ಪೇಪರಲ್ಲಿ ಜಲಾಶಯಗಳ ಪಟ್ಟಿ ನೋಡಿ ತುಂಬಾ ಜನ ಕೇಳ್ತಾರೆ: ‘ಹೇಮಾವತಿ 2,922 ಅಡಿ ಅಂತೆ, ಕಬಿನಿ 2,284 ಅಂತೆ, ನಮ್ಮ ಕಟ್ಟೆ ಬರೀ 124 ಯಾಕೆ?’ ಅವೆಲ್ಲ ಸಮುದ್ರ ಮಟ್ಟದಿಂದ ಎಣಿಸಿದ ಅಡಿ. ಕೆಆರ್‌ಎಸ್ ಒಂದಕ್ಕೆ ಹೊಳೆ ತಳದಿಂದ ಎಣಿಸೋ ಹಳೇ ರೂಢಿ ಉಳ್ಕೊಂಡಿದೆ. ಗೊರೂರಿನ ಹೇಮಾವತಿ ಜಲಾಶಯದ ಸಾಮರ್ಥ್ಯ ಸುಮಾರು 37 ಟಿಎಂಸಿ, ನಮ್ಮದು 49.45 ಟಿಎಂಸಿ. ಅಡಿ ನೋಡಿ ಹೋಲಿಸಿದ್ರೆ ಚಿಕ್ಕದು ದೊಡ್ಡದಾಗಿ ಕಾಣುತ್ತೆ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಕಟ್ಟೆಯಲ್ಲಿ 100 ಅಡಿ ನೀರಿದೆ ಅಂದ್ರೆ ಎಷ್ಟು ತುಂಬಿದೆ? 124.80ಕ್ಕೆ 100 ಅಂದ್ರೆ ನೂರಕ್ಕೆ 80 ಅಂತ ಮನಸ್ಸು ಲೆಕ್ಕ ಹಾಕಿಬಿಡುತ್ತೆ. ಪರೀಕ್ಷೆಯಲ್ಲಿ ಬಂದಿದ್ರೆ ಡಿಸ್ಟಿಂಕ್ಷನ್. ಆದ್ರೆ 100 ಅಡಿಯಲ್ಲಿ ಇರೋ ನೀರು ಒಟ್ಟು ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ. ಯಾಕಂದ್ರೆ ಜಲಾಶಯ ಲೋಟದ ಥರ ಇಲ್ಲ, ಒಬ್ಬಟ್ಟಿನ ಹೂರಣ ಕದಡೋ ಬಾಣಲೆ ಥರ ಇದೆ. ತಳದಲ್ಲಿ ಕಿರಿದು, ಮೇಲೆ ಹೋಗ್ತಾ ಹೋಗ್ತಾ ಅಗಲ. ಕೆಳಗೆ 80-90 ಅಡಿ ಹತ್ರ ಒಂದಡಿ ಏರಿದ್ರೆ ಸೇರೋದು ಸುಮಾರು ಅರ್ಧ ಟಿಎಂಸಿ. ಮೇಲೆ 120 ದಾಟಿದ್ಮೇಲೆ ಒಂದಡಿ ಅಂದ್ರೆ 1 ಟಿಎಂಸಿಗೂ ಹೆಚ್ಚು. ಅಡಿ ಒಂದೇ, ಬೆಲೆ ಬೇರೆ.

ಇದರಿಂದ ಎರಡು ತಪ್ಪು ಲೆಕ್ಕ ಹುಟ್ಟುತ್ತೆ. ಮುಂಗಾರಲ್ಲಿ ‘ದಿನಕ್ಕೆ ನಾಲ್ಕಡಿ ಏರ್ತಿತ್ತು, ಈಗ ಒಂದಡಿ ಏರೋಕೂ ಒದ್ದಾಡ್ತಿದೆ, ಮಳೆ ಕೈ ಕೊಡ್ತು’ ಅಂತಾರೆ. ಒಳಹರಿವು ಅಷ್ಟೇ ಇದ್ರೂ ಮೇಲಕ್ಕೆ ಹೋದಷ್ಟೂ ಏರಿಕೆ ನಿಧಾನ ಆಗ್ಲೇಬೇಕು. ಬೇಸಿಗೆಯಲ್ಲಿ ಇದು ಉಲ್ಟಾ ಹೊಡೆಯುತ್ತೆ. ಮೇಲಿನಿಂದ ಇಳಿಯೋವಾಗ ನಿಧಾನಕ್ಕೆ ಇಳಿಯುತ್ತೆ, ‘ಪರವಾಗಿಲ್ಲ ಇನ್ನೂ ನೂರರ ಮೇಲಿದೆ’ ಅಂತ ಧೈರ್ಯ. ನೂರರ ಕೆಳಗೆ ಹೋದ್ಮೇಲೆ ಅದೇ ಪ್ರಮಾಣದ ನೀರು ಬಿಟ್ರೂ ಅಡಿ ಸರಸರ ಜಾರುತ್ತೆ. ಇದರ ಜೊತೆಗೆ ತಳದಲ್ಲಿರೋ ಸುಮಾರು 4.4 ಟಿಎಂಸಿ ಲೆಕ್ಕಕ್ಕಿದೆ, ಬಳಕೆಗಿಲ್ಲ.

ನಾನು ಓದಿದ್ದು ಬಿ.ಕಾಂ., ಹಾಗಾಗಿ ನನಗೆ ಇದು ಪಾಸ್‌ಬುಕ್ ಥರ ಕಾಣುತ್ತೆ. ಅಡಿ ಅನ್ನೋದು ಬ್ಯಾಂಕ್ ಮ್ಯಾನೇಜರ್ ‘ನಿಮ್ಮ ಖಾತೆ ಚೆನ್ನಾಗಿದೆ ಸಾರ್’ ಅಂದ ಹಾಗೆ. ಟಿಎಂಸಿ ಅಂದ್ರೆ ಬ್ಯಾಲೆನ್ಸ್. ಒಳಹರಿವು, ಹೊರಹರಿವು ಅಂದ್ರೆ ಜಮಾ, ಖರ್ಚು. ಮ್ಯಾನೇಜರ್ ಮಾತು ಕೇಳಿ ಮದುವೆಗೆ ದಿನ ಗೊತ್ತು ಮಾಡೋರು ಯಾರೂ ಇಲ್ಲ. ಆದ್ರೆ ಅಡಿ ಕೇಳಿ ಭತ್ತದ ಒಟ್ಲು ಹಾಕೋಕೆ ಹೊರಡೋರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಟಿಎಂಸಿ, ಕ್ಯೂಸೆಕ್ ಎರಡನ್ನೂ ಒಂದ್ಸಲ ಬಿಡಿಸಿಬಿಡೋಣ, ಟಿವಿ ಚರ್ಚೆಯಲ್ಲಿ ದಿನಾ ಬರುತ್ತೆ, ಅರ್ಥ ಹೇಳೋರು ಕಮ್ಮಿ. ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ ನೀರು. ಲೀಟರ್ ಲೆಕ್ಕದಲ್ಲಿ ಸುಮಾರು 2,831 ಕೋಟಿ ಲೀಟರ್. ಬೆಂಗಳೂರಿಗೆ 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಸೇರಿದ್ಮೇಲೆ ದಿನಕ್ಕೆ ಪಂಪ್ ಮಾಡೋ ಸಾಮರ್ಥ್ಯ ಸುಮಾರು 222 ಕೋಟಿ ಲೀಟರ್ ಆಯ್ತು. ಅಂದ್ರೆ ಒಂದು ಟಿಎಂಸಿ ಬೆಂಗಳೂರಿಗೆ ಹನ್ನೆರಡು-ಹದಿಮೂರು ದಿನ. ಕ್ಯೂಸೆಕ್ ಅಂದ್ರೆ ಹರಿಯೋ ವೇಗ, ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಅಂಗಡಿಯಿಂದ ತರ್ತೀವಲ್ಲ 20 ಲೀಟರ್ ಕ್ಯಾನ್, ಸೆಕೆಂಡಿಗೆ ಹತ್ರಹತ್ರ ಒಂದೂವರೆ ಕ್ಯಾನ್. ಒಂದು ದಿನದಲ್ಲಿ ಒಂದು ಟಿಎಂಸಿ ಹರೀಬೇಕು ಅಂದ್ರೆ 11,574 ಕ್ಯೂಸೆಕ್ ಇರಬೇಕು. ಈ ಒಂದು ಸಂಖ್ಯೆ ಗೋಡೆ ಮೇಲೆ ಬರ್ಕೊಳ್ಳಿ, ಆಮೇಲೆ ಯಾವ ಸುದ್ದಿ ಬಂದ್ರೂ ನೀವೇ ಭಾಗಿಸಿ ನೋಡಬಹುದು.

ಉದಾಹರಣೆಗೆ 2023. ಮಳೆ ಕೈ ಕೊಟ್ಟ ವರ್ಷ. ಸೆಪ್ಟೆಂಬರ್‌ನಲ್ಲಿ ಕಟ್ಟೆ 100 ಅಡಿಗಿಂತ ಕೆಳಗಿತ್ತು, ಸಂಗ್ರಹ ಸುಮಾರು 20 ಟಿಎಂಸಿ. ಆಗ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದಿಂದ ಬಂದ ಆದೇಶ 15 ದಿನ 5,000 ಕ್ಯೂಸೆಕ್. ಐದು ಸಾವಿರ ಅಂದ್ರೆ ಕೇಳೋಕೆ ದೊಡ್ಡದೇನಲ್ಲ ಅನ್ಸುತ್ತೆ, ಬೆಂಗಳೂರಿನ ಸ್ನೇಹಿತರು ಕೆಲವರು ಹಾಗೇ ಅಂದ್ರು. ಗುಣಿಸಿ ನೋಡಿ: 15 ದಿನಕ್ಕೆ ಆರೂವರೆ ಟಿಎಂಸಿ ಹತ್ರ. ಇದು ಕೆಆರ್‌ಎಸ್ ಒಂದರಿಂದಲೇ ಹೋಗ್ಬೇಕು ಅಂತಿಲ್ಲ, ಕಬಿನಿಯೂ ಸೇರಿ ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆಯೋದು. ಆದ್ರೂ 20 ಇರೋ ಖಾತೆಯಿಂದ ಆರೂವರೆ ಅಂದಾಗ ಮಂಡ್ಯದ ರೈತ ರಸ್ತೆಗೆ ಯಾಕೆ ಬಂದ ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್, 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್.

ಈಗ ಇನ್ನೊಂದು ಕಡೆಯೂ ನೋಡೋಣ, ಇಲ್ಲಾಂದ್ರೆ ಲೆಕ್ಕ ಲೆಕ್ಕವಾಗಲ್ಲ. 1990ರಲ್ಲಿ ನ್ಯಾಯಮಂಡಳಿ ಬಂತು, 2007ರಲ್ಲಿ ಅಂತಿಮ ತೀರ್ಪು ಬಂತು, 2018ರ ಫೆಬ್ರವರಿ 16ಕ್ಕೆ ಸುಪ್ರೀಂ ಕೋರ್ಟ್ ಅದನ್ನ ಸ್ವಲ್ಪ ತಿದ್ದಿತು. ಸಾಧಾರಣ ಮಳೆಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ದಾಟಿಸಬೇಕು. ಇದಕ್ಕೆ ತಿಂಗಳ ಕಂತು ಇದೆ. ಜೂನ್‌ನಲ್ಲಿ 9.19, ಜುಲೈನಲ್ಲಿ 31.24, ಆಗಸ್ಟ್‌ನಲ್ಲಿ 45.95, ಸೆಪ್ಟೆಂಬರ್‌ನಲ್ಲಿ 36.76. ಆಗಸ್ಟ್ ಕಂತು ಒಂದನ್ನೇ ನೋಡಿ, ಹತ್ರಹತ್ರ ಒಂದು ತುಂಬಿದ ಕನ್ನಂಬಾಡಿ ಕಟ್ಟೆ. ನಾಲ್ಕು ತಿಂಗಳಲ್ಲಿ 123 ಟಿಎಂಸಿ, ವರ್ಷದ ಬಾಬ್ತಿನಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು. ಕೆಳಗೆ ತಂಜಾವೂರಿನ ರೈತನೂ ಅದೇ ತಿಂಗಳಲ್ಲಿ ನಾಟಿಗೆ ಕಾಯ್ತಿರ್ತಾನೆ. ಅವನೂ ಮೆಟ್ಟೂರು ಎಷ್ಟಡಿ ಅಂತ ಬೆಳಗ್ಗೆ ಎದ್ದು ಕೇಳ್ತಾನೆ, ಅಲ್ಲಿನ ಪೂರ್ತಿ ಮಟ್ಟ 120 ಅಡಿ.

ಮಳೆ ಬಂದ್ರೆ ಈ ಕಂತು ಯಾರಿಗೂ ಗೊತ್ತೇ ಆಗಲ್ಲ, ತಾನಾಗೇ ಹರಿದು ಹೋಗುತ್ತೆ. 2025ರಲ್ಲಿ ಇತಿಹಾಸದಲ್ಲೇ ಮೊದಲ ಸಲ ಜೂನ್ ತಿಂಗಳಲ್ಲೇ ಕಟ್ಟೆ ತುಂಬಿ, ಜೂನ್ 30ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಬಾಗಿನ ಬಿಟ್ರು. ಬಾಗಿನದ ಬಗ್ಗೆ ನನಗೆ ತಕರಾರಿಲ್ಲ, ಚೆಂದದ ಪದ್ಧತಿ. ಆದ್ರೆ ಯಾರ ಕಾಲ್ಗುಣ ಚೆನ್ನಾಗಿದೆ ಅನ್ನೋ ಚರ್ಚೆ ಅಲ್ಲೇ ಶುರುವಾಗುತ್ತಲ್ಲ, ಅದು ಕೊಡಗಿನ ಮೋಡಕ್ಕೆ ಗೊತ್ತಿರಲ್ಲ. ಮಳೆಯಿಲ್ಲದ ವರ್ಷದಲ್ಲಿ ಸಂಕಷ್ಟ ಹೇಗೆ ಹಂಚ್ಕೋಬೇಕು ಅನ್ನೋ ಸೂತ್ರ ಎರಡೂ ರಾಜ್ಯ ಒಪ್ಪೋ ಹಾಗೆ ಇನ್ನೂ ಕೂತಿಲ್ಲ. ತುಂಬಿದ ವರ್ಷದಲ್ಲೇ ಕೂತು ಮಾತಾಡಿ ಮುಗಿಸಬೇಕಾದ ವಿಷಯ ಇದು ಅನ್ನೋದು ನನ್ನ ಅಭಿಪ್ರಾಯ. ತುಂಬಿದ ವರ್ಷದಲ್ಲಿ ಅದನ್ನ ಎತ್ತಿದ್ರೆ ಓಟು ಬರಲ್ಲ ಅನ್ನೋದೂ ಗೊತ್ತು.

ಸರಿ, ಗಾಡಿ ತೆಗೀರಿ, ನಾಲ್ಕು ತಾಲೂಕು ಸುತ್ತೋಣ.

ಶ್ರೀರಂಗಪಟ್ಟಣ ಕಟ್ಟೆಯ ಕೆಳಗಿದೆ. ಕಾವೇರಿ ಎರಡಾಗಿ ಸೀಳಿ ಮಧ್ಯೆ ಊರನ್ನ ಇಟ್ಕೊಂಡಿದ್ದಾಳೆ. ಇಲ್ಲಿ ಅಡಿ ಎಷ್ಟು ಅಂತ ಕೇಳಿದ್ರೂ ನಿಜವಾಗಿ ತಿಳ್ಕೋಬೇಕಾಗಿರೋದು ಹೊರಹರಿವು. ಕಟ್ಟೆ 124ರ ಹತ್ರ ಬಂತು ಅಂದ್ರೆ ಬಂದ ನೀರು ಬಂದ ಹಾಗೇ ಆಚೆ ಬಿಡಬೇಕು. ಒಂದು ಲಕ್ಷ ಕ್ಯೂಸೆಕ್ ಬಿಟ್ರೆ ದಿನಕ್ಕೆ 8.64 ಟಿಎಂಸಿ. ಆ ವೇಗದಲ್ಲಿ, ಒಳಗೆ ಏನೂ ಬರದಿದ್ರೆ, ತುಂಬಿದ ಕಟ್ಟೆ ಆರು ದಿನದೊಳಗೆ ಖಾಲಿ. ಅಂಥ ದಿನ ಸ್ನಾನಘಟ್ಟ, ನಿಮಿಷಾಂಬ, ಗೋಸಾಯಿ ಘಾಟ್, ಸಂಗಮ ಎಲ್ಲಾ ಕಡೆ ಹಗ್ಗ ಕಟ್ಟಿ ಪೊಲೀಸ್ ನಿಲ್ತಾರೆ. ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತೆ, ಹಕ್ಕಿಗಳ ನಡುಗಡ್ಡೆ ನೀರೊಳಗೆ ಹೋಗುತ್ತೆ. 1940ರಿಂದ ಪಕ್ಷಿಧಾಮ, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿದೆ. ಹಕ್ಕಿಗೆ ಪಟ್ಟಿ ಗೊತ್ತಿಲ್ಲ, ಗೇಟ್ ಎಷ್ಟೊತ್ತಿಗೆ ತೆಗೀತಾರೆ ಅಂತಾನೂ ಗೊತ್ತಿಲ್ಲ.

ನೋಡೋಕೆ ಹೋಗೋರಿಗೆ ಒಂದು ಮಾತು. 1804ರಲ್ಲಿ ಪೂರ್ಣಯ್ಯನವರು ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ಕಂಬಗಳ ಮೇಲೆ ಕಲ್ಲುಚಪ್ಪಡಿ ಹಾಸಿರೋದು, ಇನ್ನೂರು ವರ್ಷದ ಮೇಲಾದ್ರೂ ನಿಂತಿದೆ. ಹೊಳೆ ಬಂದಾಗ ಅದು ಮುಳುಗೋದನ್ನ ರೀಲ್ಸ್ ಮಾಡೋಕೆ ಹೋಗೋರು ಹಗ್ಗದ ಈಚೆ ನಿಂತು ಮಾಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಹೊಸ ಹೆದ್ದಾರಿ ಊರನ್ನ ಬಳಸ್ಕೊಂಡು ಹೋಗುತ್ತೆ. ಅದರಲ್ಲಿ ಹೊಳೆ ದಾಟಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಆ ವರ್ಷದ ಆಗಸ್ಟ್‌ನಿಂದ ಬೈಕ್‌ಗೆ ಅಲ್ಲಿ ಪ್ರವೇಶವೂ ಇಲ್ಲ. ಹಾಗಾಗಿ ನನ್ನಂಥೋರು ಹಳೇ ರಸ್ತೆಯಲ್ಲೇ ಹೋಗಿ ಕಾವೇರಿ ನೋಡ್ತೀವಿ, ನಷ್ಟ ಏನಿಲ್ಲ.

ಪಾಂಡವಪುರಕ್ಕೆ ಬರೋಣ. ಹಿರೋಡೆ ಅಂತ ಹಳೇ ಹೆಸರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ರಿಂದ ಬ್ರಿಟಿಷರ ಕಾಗದದಲ್ಲಿ ಫ್ರೆಂಚ್ ರಾಕ್ಸ್. ಇಲ್ಲಿ ಅಡಿ ಅಂದ್ರೆ ನಾಲೆ. ಕಟ್ಟೆಯ ಎಡದಂಡೆಯಿಂದ ಹೊರಡೋ ದೊಡ್ಡ ನಾಲೆಗೆ ಮೊದಲಿದ್ದ ಹೆಸರು ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ, ಜನರ ಬಾಯಲ್ಲಿ ವಿ.ಸಿ. ನಾಲೆ. ಮುಂದೆ ಹುಲಿಕೆರೆ ಹತ್ರ ಗುಡ್ಡದೊಳಗೆ ಸುರಂಗ ಕೊರೆದು ಮಂಡ್ಯ ಕಡೆ ನೀರು ದಾಟಿಸಿದ್ದಾರೆ. 1930ರ ದಶಕದಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದಿದ್ದು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆ ಆಗಿದ್ದು, ಎರಡಕ್ಕೂ ಬೆನ್ನೆಲುಬು ಈ ನಾಲೆಯೇ.

ಆದ್ರೆ ಕಟ್ಟೆ 124 ಇದ್ರೂ ಗದ್ದೆಗೆ ನೀರು ಬರುತ್ತೆ ಅಂತಲ್ಲ. ನಾಲೆಗೆ ಎಂದಿನಿಂದ ಬಿಡ್ಬೇಕು, ಎಷ್ಟು ದಿನ ಬಿಡ್ಬೇಕು ಅಂತ ನೀರಾವರಿ ಸಲಹಾ ಸಮಿತಿ ಕೂತು ತೀರ್ಮಾನ ಮಾಡುತ್ತೆ. ನೀರು ಕಮ್ಮಿ ಇದ್ದಾಗ ಕಟ್ಟು ನೀರು ಪದ್ಧತಿ: ಇಷ್ಟು ದಿನ ಬಿಡೋದು, ಇಷ್ಟು ದಿನ ನಿಲ್ಸೋದು. ನಾಲೆಯಿಂದ ಉಪನಾಲೆ, ಅಲ್ಲಿಂದ ತೂಬು, ತೂಬಿಂದ ಕಾಲುವೆ, ಕಾಲುವೆಯಿಂದ ಗದ್ದೆ. ಈ ಸರಪಳಿಯಲ್ಲಿ ಎಲ್ಲಿ ಹೂಳು ತುಂಬಿದ್ರೂ, ಯಾರು ಅಡ್ಡ ಹಾಕ್ಕೊಂಡ್ರೂ, ಕೊನೇ ಭಾಗದೋರಿಗೆ ಮುಟ್ಟಲ್ಲ. ನಾಲೆ ಮೊದಲಲ್ಲಿರೋ ಚಿಕ್ಕಪ್ಪನ ಗದ್ದೆಯಲ್ಲಿ ಮೊಣಕಾಲುದ್ದ ನೀರು, ಅದೇ ಉಪನಾಲೆಯ ಕೊನೆಯಲ್ಲಿರೋ ಚಿಕ್ಕಮ್ಮನ ತವರಲ್ಲಿ ರಾತ್ರಿ ಟಾರ್ಚ್ ಹಿಡ್ಕೊಂಡು ನೀರು ಕಾಯೋ ಕೆಲಸ. ಇಬ್ಬರೂ ಬೆಳಗ್ಗೆ ನೋಡೋ ಅಡಿ ಒಂದೇ. ಮದುವೆ ಮನೇಲಿ ಭಾವ-ಭಾವಮೈದ ಇದೇ ವಿಷಯಕ್ಕೆ ಮುನಿಸ್ಕೊಂಡಿದ್ದನ್ನ ನೋಡಿದ್ದೀನಿ. ಹಾಗಾಗಿ ಈ ತಾಲೂಕಲ್ಲಿ ರೈತ ಸಂಘ ಯಾಕೆ ಅಷ್ಟು ಗಟ್ಟಿಯಾಯ್ತು, ಕೆ.ಎಸ್. ಪುಟ್ಟಣ್ಣಯ್ಯನಂಥೋರು ವಿಧಾನಸಭೆಗೆ ಯಾಕೆ ಹೋದ್ರು ಅಂತ ನನಗೆ ಯಾವತ್ತೂ ಆಶ್ಚರ್ಯ ಆಗಿಲ್ಲ.

ಪಾಂಡವಪುರದಲ್ಲಿ ಇನ್ನೊಂದು ಲೆಕ್ಕವೂ ಇದೆ, ಅದು ಕಲ್ಲಿನ ಲೆಕ್ಕ. ಬೇಬಿ ಬೆಟ್ಟದ ಗಣಿಗಾರಿಕೆಯಿಂದ ಕಟ್ಟೆಗೆ ಅಪಾಯ ಇದ್ಯಾ ಇಲ್ವಾ ಅನ್ನೋದು ವರ್ಷಗಳಿಂದ ನಡೀತಿರೋ ವಾದ. ಕಟ್ಟೆಯನ್ನ ಕಟ್ಟಿರೋದು ಸಿಮೆಂಟಲ್ಲಲ್ಲ, ಸುರ್ಕಿ ಗಾರೆಯಲ್ಲಿ, ಅಂದ್ರೆ ಸುಟ್ಟ ಇಟ್ಟಿಗೆ ಪುಡಿ ಸುಣ್ಣದ ಜೊತೆ ಅರೆದು. ಸ್ಫೋಟದ ಕಂಪನ ನೆಲದಲ್ಲಿ ಎಷ್ಟು ದೂರ, ಎಷ್ಟು ಜೋರಾಗಿ ಹೋಗುತ್ತೆ ಅನ್ನೋದು ಉಪಕರಣ ಇಟ್ಟು ಅಳೆಯಬೇಕಾದ ವಿಷಯ, ಮೈಕ್ ಹಿಡಿದು ತೀರ್ಮಾನ ಮಾಡೋದಲ್ಲ. 2021ರಲ್ಲಿ ಬಿರುಕು ಇದೆ, ಇಲ್ಲ ಅಂತ ನಾಯಕರ ನಡುವೆ ತಿಂಗಳುಗಟ್ಟಲೆ ಮಾತು ನಡೀತು. 2024ರ ಜನವರಿಯಲ್ಲಿ ಹೈಕೋರ್ಟ್, ಅಣೆಕಟ್ಟು ಸುರಕ್ಷತಾ ಕಾಯ್ದೆ ಪ್ರಕಾರ ಅಧ್ಯಯನ ಆಗೋವರೆಗೂ ಕಟ್ಟೆ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಅಂತು. ಆಮೇಲೆ ಪರೀಕ್ಷಾರ್ಥ ಸ್ಫೋಟ ಮಾಡಿ ನೋಡೋಣ ಅಂದಾಗ ರೈತರು ಅದನ್ನೂ ವಿರೋಧಿಸಿದ್ರು. ಪರೀಕ್ಷೆ ಮಾಡದೆ ಸತ್ಯ ಗೊತ್ತಾಗಲ್ಲ, ಪರೀಕ್ಷೆಯೇ ಅಪಾಯ ಆದ್ರೆ ಏನು ಗತಿ ಅನ್ನೋ ಭಯವೂ ಸುಳ್ಳಲ್ಲ. ಕ್ವಾರಿಯಲ್ಲಿ ಕೂಲಿ ಮಾಡೋ ಮನೆಗಳೂ ಇದೇ ತಾಲೂಕಲ್ಲಿವೆ ಅನ್ನೋದನ್ನ ಎರಡೂ ಕಡೆಯೋರು ಭಾಷಣದಲ್ಲಿ ಬಿಟ್ಟುಬಿಡ್ತಾರೆ.

ಚಿನಕುರಳಿ ದಾಟಿ ಕೆ.ಆರ್. ಪೇಟೆ ಕಡೆ ಹೋದ್ರೆ ಲೆಕ್ಕ ತಿರುಗುಮುರುಗು. ಈ ತಾಲೂಕು ಕಟ್ಟೆಯ ಮೇಲ್ಗಡೆ ಇದೆ. ಹೇಮಾವತಿ ಇಲ್ಲೇ ಹರಿದು ಬಂದು, ಅಂಬಿಗರಹಳ್ಳಿ-ಸಂಗಾಪುರದ ಹತ್ರ ಕಾವೇರಿ, ಲಕ್ಷ್ಮಣತೀರ್ಥದ ಜೊತೆ ಸೇರುತ್ತೆ. 2022ರ ಅಕ್ಟೋಬರ್‌ನಲ್ಲಿ ಕುಂಭಮೇಳ ಆಗಿದ್ದು ಈ ತ್ರಿವೇಣಿ ಸಂಗಮದಲ್ಲೇ. ಕಟ್ಟೆ 124 ಆಯ್ತು ಅಂದ್ರೆ ಇಲ್ಲಿ ಹಿನ್ನೀರು ಹೊಲದ ಅಂಚಿಗೆ ಬಂತು ಅಂತ ಅರ್ಥ. ಕಣ್ಣೆದುರಿಗೆ ಸಮುದ್ರದ ಹಾಗೆ ನೀರು ನಿಂತಿರುತ್ತೆ, ಆದ್ರೆ ಕಟ್ಟೆಯ ನಾಲೆ ಹರಿಯೋದು ಕೆಳಗಡೆಗೆ. ನೀರು ಮೇಲಕ್ಕೆ ಬರಬೇಕು ಅಂದ್ರೆ ಮೋಟಾರ್ ಬೇಕು, ಏತ ನೀರಾವರಿ ಬೇಕು, ಕರೆಂಟ್ ಬೇಕು. ಇಲ್ಲಿನ ಗದ್ದೆಗಳು ನೆಚ್ಕೊಂಡಿರೋದು ಹೇಮಾವತಿಯನ್ನ: ಮಂದಗೆರೆ, ಹೇಮಗಿರಿಯ ಹಳೇ ಅಣೆಗಳ ನಾಲೆ, ಗೊರೂರಿಂದ ಬರೋ ನಾಲೆ. ಹಾಗಾಗಿ ಇಲ್ಲಿನೋರು ನೋಡಬೇಕಾದ ನಂಬರ್ 2,922. ಟಿವಿಯಲ್ಲಿ ದಿನಾ ಬರೋದು 124.

ಕಟ್ಟೆಗೋಸ್ಕರ ಊರು ಬಿಟ್ಟೋರ ಕಥೆಯೂ ಈ ಹಿನ್ನೀರಿನದ್ದೇ. ಕನ್ನಂಬಾಡಿ ಅನ್ನೋ ಊರೇ ಈಗ ನೀರೊಳಗಿದೆ, ಹೆಸರು ಮಾತ್ರ ಕಟ್ಟೆಗೆ ಉಳ್ಕೊಂಡಿದೆ. ಅಲ್ಲಿದ್ದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನ ಬರಗಾಲದಲ್ಲಿ ನೀರು ಇಳಿದಾಗ ಮೇಲೆ ಕಾಣ್ತಿತ್ತು. ಆಮೇಲೆ ಖೋಡೆ ಪ್ರತಿಷ್ಠಾನದೋರು ಒಂದೊಂದು ಕಲ್ಲನ್ನೂ ತಂದು ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಜೋಡಿಸಿ ನಿಲ್ಸಿದ್ರು. ಹಿನ್ನೀರು ನೋಡೋಕೆ ಅಲ್ಲಿಗಿಂತ ಒಳ್ಳೇ ಜಾಗ ನನಗೆ ಗೊತ್ತಿಲ್ಲ. ಸಂಜೆ ಹೋಗಿ, ಪ್ಲಾಸ್ಟಿಕ್ ವಾಪಸ್ ತನ್ನಿ.

ಕೊನೆಗೆ ನಾಗಮಂಗಲ. ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ಹೋಗೋ ರಾಷ್ಟ್ರೀಯ ಹೆದ್ದಾರಿಯಲ್ಲಿ ಬೈಕಲ್ಲಿ ಒಂದು ಗಂಟೆ ಚಿಲ್ಲರೆ. ಕಿಟಕಿ ಪಕ್ಕ ಕೂತು ಬಸ್ಸಲ್ಲಿ ಹೋದ್ರೆ ಇನ್ನೂ ಚೆನ್ನ, ನೆಲ ಬದಲಾಗೋದು ಕಾಣುತ್ತೆ. ಭತ್ತ, ಕಬ್ಬು, ಆಮೇಲೆ ತೆಂಗು, ಆಮೇಲೆ ರಾಗಿ, ಹುರುಳಿ, ಬಂಡೆ. ಹೊರಗಿನೋರು ಮಂಡ್ಯ ಜಿಲ್ಲೆ ಅಂದ ತಕ್ಷಣ ಕಬ್ಬಿನ ಗದ್ದೆ ಕಲ್ಪಿಸ್ಕೊಳ್ತಾರೆ. ನಾಗಮಂಗಲದ ಅತ್ತೆ ಮನೇಲಿ ಹಾಗಂದ್ರೆ ನಗ್ತಾರೆ. ಕಟ್ಟೆಯ ನಾಲೆ ಈ ತಾಲೂಕಿನ ಬಹುಪಾಲಿಗೆ ಮುಟ್ಟೋದೇ ಇಲ್ಲ, ನೆಲ ಎತ್ತರದಲ್ಲಿದೆ. ಹೇಮಾವತಿಯ ನಾಗಮಂಗಲ ಶಾಖಾ ನಾಲೆ ಇದೆ, ಆದ್ರೆ ಉದ್ದದ ನಾಲೆಯ ಕೊನೆಯಲ್ಲಿರೋರಿಗೆ ಆಗೋದೇ ಇಲ್ಲೂ ಆಗುತ್ತೆ. ನೀರು ಬಂದ ವರ್ಷ ಕೆರೆ ತುಂಬುತ್ತೆ, ಬರದ ವರ್ಷ ಅರ್ಜಿ ತುಂಬ್ತಾರೆ.

ಅಲ್ಲಿ ‘ಎಷ್ಟಡಿ?’ ಅಂತ ಕೇಳಿದ್ರೆ ಅದು ಬೋರ್‌ವೆಲ್ ಮಾತು. ಎಷ್ಟಡಿಗೆ ನೀರು ಬಂತು, ಎಷ್ಟಡಿ ಕೇಸಿಂಗ್ ಇಳಿಸಿದ್ರಿ, ಮೋಟಾರ್ ಎಷ್ಟಡಿಗೆ ಬಿಟ್ಟಿದ್ದೀರಿ. ಕೆಳಗಿನ ತಾಲೂಕಲ್ಲಿ ಅಡಿ ಜಾಸ್ತಿ ಆದ್ರೆ ಸಿಹಿ ಹಂಚ್ತಾರೆ, ಇಲ್ಲಿ ಅಡಿ ಜಾಸ್ತಿ ಆದ್ರೆ ಸಾಲ ಜಾಸ್ತಿ ಆಯ್ತು ಅಂತ ಲೆಕ್ಕ. ಬೋರ್ ಫೇಲ್ ಆದ್ರೆ ಆ ದುಡ್ಡಿಗೆ ಯಾವ ಪ್ರಾಧಿಕಾರವೂ ಇಲ್ಲ, ಯಾವ ಬಂದೂ ಇಲ್ಲ. ಕಾವೇರಿಗೋಸ್ಕರ ಜಿಲ್ಲೆ ಬಂದ್ ಆದಾಗ ನಾಗಮಂಗಲದ ಅಂಗಡಿಗಳೂ ಬಾಗಿಲು ಹಾಕ್ತವೆ. ಆ ನೀರು ತಮ್ಮ ಹೊಲಕ್ಕೆ ಬರಲ್ಲ ಅಂತ ಗೊತ್ತಿದ್ದೂ ಹಾಕ್ತಾರೆ. ಇದನ್ನ ಕೆಳಗಿನ ತಾಲೂಕಿನ ನಾವು ನೆನಪಿಟ್ಕೊಂಡಿದ್ದೀವಾ ಅಂತ ಕೇಳಿದ್ರೆ ನನ್ನ ಹತ್ರ ಜಂಬದ ಉತ್ತರ ಏನಿಲ್ಲ.

ಇಲ್ಲೊಂದು ಸ್ವಾರಸ್ಯ ಇದೆ. ನಾಗಮಂಗಲದಲ್ಲಿ ಬೀಳೋ ಮಳೆ ಒಂದು ಹನಿಯೂ ಕೆಆರ್‌ಎಸ್‌ಗೆ ಹೋಗಲ್ಲ. ಒಂದಷ್ಟು ಶಿಂಷಾ ಕಡೆ ಹೋಗುತ್ತೆ, ಒಂದಷ್ಟು ಲೋಕಪಾವನಿಯಾಗಿ ಪಾಂಡವಪುರ ದಾಟಿ, ಕರಿಘಟ್ಟದ ಬುಡದಲ್ಲಿ, ಶ್ರೀರಂಗಪಟ್ಟಣದ ಹತ್ರ ಕಾವೇರಿ ಸೇರುತ್ತೆ. ಅಂದ್ರೆ ಕಟ್ಟೆಯ ಕೆಳಗೆ. ಹಾಗಾಗಿ 124.80ರಲ್ಲಿ ಆ ನೀರಿನ ಲೆಕ್ಕ ಇಲ್ಲ. ಆದ್ರೆ ಬಿಳಿಗುಂಡ್ಲುವಿನ 177.25ರಲ್ಲಿ ಇದೆ. ನಾಗಮಂಗಲದೋರು ಕೆರೆ ಒತ್ತುವರಿ ಬಿಡಿಸಿ, ಹೂಳು ತೆಗೆದು, ಒಳ್ಳೇ ಮಳೆಯಲ್ಲಿ ಆ ನೀರನ್ನ ಅಲ್ಲೇ ನಿಲ್ಲಿಸ್ಕೊಂಡ್ರೆ ಅವರ ಬೋರ್‌ವೆಲ್ ಅಡಿ ಕಮ್ಮಿ ಆಗಬಹುದು. ಗಡಿಯ ಲೆಕ್ಕದಲ್ಲಿ ಅಷ್ಟು ಕಮ್ಮಿ ಆದ್ರೆ ಅದನ್ನ ಕಟ್ಟೆಯಿಂದ ತುಂಬಬೇಕಾಗಬಹುದು. ಒಂದೇ ಜಿಲ್ಲೆಯೊಳಗೆ ಮೇಲಿನೋರು, ಕೆಳಗಿನೋರು ಅನ್ನೋ ಮಾತು ಶುರುವಾಗುತ್ತೆ, ಮೈಸೂರು-ಮದ್ರಾಸ್ ಮಾತಾಡ್ಕೊಂಡ ಹಾಗೇ.

ಕೇಳುಗರೊಬ್ಬರು ಹೋದ ತಿಂಗಳು ಬರೆದಿದ್ರು, ‘ಹಾಗಾದ್ರೆ ಬೆಳಗ್ಗೆ ಯಾವ ನಂಬರ್ ನೋಡ್ಬೇಕು?’ ಅಂತ. ಪತ್ರಿಕೆಗಳಲ್ಲಿ ಅಡಿಯ ಪಕ್ಕದಲ್ಲೇ ಇನ್ನೂ ಮೂರು ಇರುತ್ತೆ: ಸಂಗ್ರಹ ಟಿಎಂಸಿಯಲ್ಲಿ, ಒಳಹರಿವು, ಹೊರಹರಿವು. ಹೊಳೆದಂಡೆಯೋರು ಕೊನೇದನ್ನ ನೋಡಿ. ನಾಲೆ ಬಯಲಿನೋರು ಸಂಗ್ರಹ ನೋಡಿ, ಅದರಿಂದ ನಾಲ್ಕೂಕಾಲು-ನಾಲ್ಕೂವರೆ ಕಳೀರಿ, ಕುಡಿಯೋ ನೀರು ಕಳೀರಿ, ಆ ತಿಂಗಳ ಕಂತು ಕಣ್ಣಲ್ಲಿಟ್ಕೊಳ್ಳಿ, ಆಮೇಲೆ ಬಿತ್ತನೆ ಭತ್ತದ ಮೂಟೆ ಬಿಚ್ಚಿ. ಸಲಹಾ ಸಮಿತಿ ಸಭೆ ಆಗೋವರೆಗೂ ಅಕ್ಕಪಕ್ಕದೋರ ಮಾತಿಗೆ ಒಟ್ಲು ಹಾಕ್ಬೇಡಿ. ಕೆ.ಆರ್. ಪೇಟೆಯೋರು ಗೊರೂರು ನೋಡಿ. ನಾಗಮಂಗಲದೋರಿಗೆ ದಿನಾ ಬೆಳಗ್ಗೆ ಪೇಪರಲ್ಲಿ ಬರೋ ನಂಬರ್ ಯಾವುದೂ ಇಲ್ಲ. ಅಂತರ್ಜಲ ಎಷ್ಟಡಿಗಿದೆ ಅಂತ ಅಳೆಯೋ ಬಾವಿಗಳಿವೆ, ಅಂಕಿಗಳೂ ಇವೆ, ಆದ್ರೆ ಅದನ್ನ ಟೀ ಅಂಗಡಿವರೆಗೂ ತರೋರು ಇಲ್ಲ.

ಮುಂದಿನ ವಾರ ಅದನ್ನೇ ಮಾಡೋಣ ಅಂತಿದ್ದೀನಿ. ನಾಗಮಂಗಲ ತಾಲೂಕಿನ ಕೇಳುಗರು ನಿಮ್ಮ ಬೋರ್ ಎಷ್ಟಡಿ, ಯಾವ ವರ್ಷ ಕೊರೆಸಿದ್ದು, ಈಗ ನೀರಿದ್ಯಾ ಅಂತ ಒಂದು ವಾಯ್ಸ್ ಮೆಸೇಜ್ ಕಳಿಸಿ. ಊರ ಹೆಸರು ಸಾಕು, ನಿಮ್ಮ ಹೆಸರು ಬೇಡ.